ಜಗ್ಗುವ ಬಲ

ನಮ್ಮ ಕಡೆ ಯಾವ ಪೈಲ್ವಾನನ ಮಾತು ಬಂದರೂ ಮೊದಲು ಲೆಕ್ಕ ಬರುತ್ತದೆ. ದಿನಕ್ಕೆ ಎಷ್ಟು ದಂಡ ಹೊಡೆಯುತ್ತಿದ್ದ, ಎಷ್ಟು ಬೈಠಕ್ ತೆಗೆಯುತ್ತಿದ್ದ, ಎಷ್ಟು ಸೇರು ಹಾಲು ಕುಡಿಯುತ್ತಿದ್ದ. ಹೇಳುವ ಬಾಯಿ ಬದಲಾದ ಹಾಗೆ ಸಂಖ್ಯೆಯೂ ಬೆಳೆಯುತ್ತ ಹೋಗುತ್ತದೆ. ಗಾಮಾ ಪೈಲ್ವಾನನ ವಿಷಯದಲ್ಲಂತೂ ಅದು ದಿನಕ್ಕೆ ಐದು ಸಾವಿರ ಬೈಠಕ್ ಎಂಬಲ್ಲಿಗೆ ಬಂದು ನಿಂತಿದೆ. ಕೇಳಿದವರು ಹುಬ್ಬೇರಿಸುತ್ತಾರೆ, ಯಾರೂ ಎಣಿಸಲು ಹೋಗುವುದಿಲ್ಲ.

ಈ ಲೆಕ್ಕದಲ್ಲಿ ಒಂದು ವಿಚಿತ್ರವಿದೆ. ದಂಡವೆಂದರೆ ಅಂಗೈ ಊರಿ ನೆಲವನ್ನು ನೂಕುವುದು. ಬೈಠಕ್, ಅಂದರೆ ಮೈಸೂರು ಕಡೆಯವರ ಬಸ್ಕಿ, ಪಾದ ಊರಿ ನೆಲವನ್ನು ನೂಕುವುದು. ಎರಡೂ ನೂಕುವ ಸಾಮುಗಳೇ. ಆದರೆ ಮಣ್ಣಿಗಿಳಿದ ಮೇಲೆ ಪೈಲ್ವಾನ ಮಾಡುವುದೇನು? ಎದುರಿನವನ ಕತ್ತಿನ ಹಿಂದೆ ಕೈ ಹಾಕಿ ತಲೆ ಬಗ್ಗಿಸುತ್ತಾನೆ. ರಟ್ಟೆ ಹಿಡಿದು ತನ್ನ ಕಡೆ ಸೆಳೆಯುತ್ತಾನೆ. ಕಾಲು ಸಿಕ್ಕರೆ ಎದೆಗೆ ಅವಚಿಕೊಳ್ಳುತ್ತಾನೆ. ಕೆಳಗೆ ಬಿದ್ದವನ ಸೊಂಟ ತಬ್ಬಿ ಹೊರಳಿಸುತ್ತಾನೆ. ಇದರಲ್ಲೆಲ್ಲ ಜಗ್ಗುವುದೇ ಹೆಚ್ಚು. ಕನ್ನಡಕ್ಕೂ ಇದು ಗೊತ್ತಿದೆ. ನಾವು ಕುಸ್ತಿ 'ಹಿಡಿಯುತ್ತೇವೆ', ಪಟ್ಟು 'ಹಿಡಿಯುತ್ತೇವೆ', ಸೋಲುವಾಗ 'ಹಿಡಿತ ತಪ್ಪಿತು' ಎನ್ನುತ್ತೇವೆ. ನೂಕುವ ಮಾತು ಎಲ್ಲೂ ಬರುವುದಿಲ್ಲ.

ಗಾಮಾನ ಬದುಕಿನಲ್ಲೇ ಇದಕ್ಕೊಂದು ಸಾಕ್ಷಿಯಿದೆ. 1910ರಲ್ಲಿ ಲಂಡನ್ನಿನಲ್ಲಿ ಅವನು ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೋನನ್ನು ಎದುರಿಸಿದಾಗ ಆ ದಢೂತಿ ಆಸಾಮಿ ಹೊಟ್ಟೆ ಅಡಿಯಾಗಿ ಚಾಪೆಗೆ ಅಂಟಿಕೊಂಡುಬಿಟ್ಟ. ಸುಮಾರು ಎರಡೂವರೆ ತಾಸು ಗಾಮಾ ಮೇಲಿದ್ದು ಎಬ್ಬಿಸಲು ನೋಡಿದ, ಅವನು ಏಳಲಿಲ್ಲ. ಕುಸ್ತಿ ಸಮವಾಯಿತು. ಮತ್ತೊಂದು ದಿನ ಗೊತ್ತುಮಾಡಿದ ಕುಸ್ತಿಗೆ ಜ್ಬಿಸ್ಕೋ ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಸೇರಿದಾಗ ಗಾಮಾ ಒಂದು ನಿಮಿಷದೊಳಗೇ ಅವನನ್ನು ಕೆಡವಿದ. ನೆಲಕ್ಕೆ ಕಚ್ಚಿಕೊಂಡ ಮನುಷ್ಯನನ್ನು ಮಗುಚುವುದಕ್ಕೆ ಯಾವ ಬಲ ಬೇಕು? ಮುಳ್ಳು ಬೇಲಿಯ ಬೊಡ್ಡೆ ಕೀಳುವವನನ್ನು ಕೇಳಿದರೂ ಹೇಳುತ್ತಾನೆ. ಹಾಗಿದ್ದೂ ಗಾಮಾನ ಹೆಸರಿನ ಜೊತೆ ನಮಗೆ ನೆನಪಿರುವುದು ಬೈಠಕ್‌ಗಳ ಸಂಖ್ಯೆ ಮಾತ್ರ.

ನನ್ನನ್ನು ಈ ಯೋಚನೆಗೆ ಹಚ್ಚಿದ್ದು ಮಗಳು. ಅವಳಿಗೆ ಹದಿನೈದು, ಹತ್ತನೇ ಇಯತ್ತೆ, 49 ಕಿಲೋ ತೂಕದ ವಿಭಾಗ. ಹನ್ನೆರಡಕ್ಕೆ ಕುಸ್ತಿ ಶುರು ಮಾಡಿದಳು. ತಾರ್ನಾಕದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಭರತನಾಟ್ಯಕ್ಕೆ ಹೋಗುವ ಹುಡುಗಿಯರಿದ್ದಾರೆ, ಬ್ಯಾಡ್ಮಿಂಟನ್ನಿಗೆ ಹೋಗುವವರು ಅದಕ್ಕಿಂತ ಹೆಚ್ಚು. ಹೈದರಾಬಾದು ಬ್ಯಾಡ್ಮಿಂಟನ್ನಿನ ಊರು. ಕುಸ್ತಿಗೆ ಹೋಗುವವಳು ಇವಳೊಬ್ಬಳೇ. ಲಿಫ್ಟಿನಲ್ಲಿ ಸಿಕ್ಕವರು ಅವಳ ಮೊಣಕೈಯ ತರಚು ಗಾಯ ನೋಡಿ ಸ್ಕೂಟಿಯಿಂದ ಬಿದ್ದೆಯಾ ಎಂದು ಕೇಳುತ್ತಾರೆ.

ದಂಡದಲ್ಲಿ ಅವಳು ಗಟ್ಟಿ. ಒಂದೇ ಉಸಿರಿಗೆ ಎಂಬಂತೆ ಐವತ್ತು ಹೊಡೆಯುತ್ತಾಳೆ, ಸುಧಾರಿಸಿಕೊಂಡು ಇನ್ನೈವತ್ತು. ಬೈಠಕ್ಕೂ ಹಾಗೆಯೇ. ಆದರೂ ಕಳೆದ ವರ್ಷ ಸತತ ನಾಲ್ಕು ಕುಸ್ತಿ ಸೋತಳು, ನಾಲ್ಕೂ ಒಂದೇ ರೀತಿ. ಎದುರಿನ ಹುಡುಗಿ ಕತ್ತಿಗೆ ಕೈ ಹಾಕಿ ಕೆಳಗೆ ಜಗ್ಗುವಳು. ಇವಳ ತಲೆ ಅವಳ ಎದೆಯ ಅಡಿಗೆ ಹೋಗುವುದು. ತಲೆ ಹೋದ ಮೇಲೆ ಬೆನ್ನು ಬಾಗುವುದು, ಬೆನ್ನು ಬಾಗಿದ ಮೇಲೆ ಕಾಲು ಸಿಗುವುದು. ಗ್ಯಾಲರಿಯಲ್ಲಿ ಕೂತವನಿಗೆ ಎಲ್ಲವೂ ಮೊದಲೇ ಕಾಣುತ್ತದೆ, ಏನೂ ಮಾಡಲಾಗುವುದಿಲ್ಲ. ತರಬೇತುದಾರರು ಅಂಚಿನಲ್ಲಿ ನಿಂತು ತೆಲುಗಿನಲ್ಲಿ "ಲಾಗು, ಲಾಗು!" ಎಂದು ಕೂಗುತ್ತಿದ್ದರು. ಜಗ್ಗು ಎನ್ನುತ್ತಿದ್ದರು. ಅವಳು ಜಗ್ಗುತ್ತಲೇ ಇದ್ದಳು, ಬಲ ಸಾಲುತ್ತಿರಲಿಲ್ಲ.

ನಾಲ್ಕನೆಯ ಸೋಲಿನ ನಂತರ ತರಬೇತುದಾರರು ಅವಳನ್ನು ಒಂದು ಸರಳಿನ ಕೆಳಗೆ ನಿಲ್ಲಿಸಿ ಜೋತುಬಿದ್ದು ಗದ್ದ ಮೇಲೆ ತರಲು ಹೇಳಿದರು. ಪುಲ್-ಅಪ್. ನೂರು ದಂಡದ ಹುಡುಗಿ ಒಂದನ್ನೂ ಮಾಡಲಿಲ್ಲ. ಮೊಣಕೈ ಮಡಚಲೇ ಇಲ್ಲ. ಚೀಲದಂತೆ ತೂಗಿ ಕೆಳಗಿಳಿದಳು. ಮನೆಗೆ ಬರುವಾಗ ಬೈಕಿನ ಹಿಂದೆ ಕೂತು ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪಾ, ನಾನು ಇಷ್ಟು ದಿನ ಮಾಡಿದ್ದೆಲ್ಲ ಏನು?"

ಅವಳು ಮಾಡಿದ್ದು ವ್ಯರ್ಥವಲ್ಲ. ದಂಡದಲ್ಲಿ ಎದೆ, ಭುಜದ ಮುಂಭಾಗ, ರಟ್ಟೆಯ ಹಿಂಭಾಗ ಗಟ್ಟಿಯಾಗುತ್ತವೆ, ಬೆನ್ನುಹುರಿಗೆ ಹಾವಿನಂಥ ಬಳುಕು ಬರುತ್ತದೆ. ಮೇಲೆ ಕವುಚಿದವನ ಅಡಿಯಿಂದ ಏಳುವುದಕ್ಕೆ ಆ ಬಲ ಬೇಕೇ ಬೇಕು. ಈಗಿನ ಚಾಪೆಯ ಕುಸ್ತಿಯಲ್ಲಿ ಎದುರಾಳಿಯನ್ನು ವೃತ್ತದಿಂದ ಆಚೆ ದಾಟಿಸಿದರೂ ಒಂದು ಅಂಕ ಸಿಗುತ್ತದೆ, ಆದ್ದರಿಂದ ನೂಕುವುದಕ್ಕೂ ಬೆಲೆಯಿದೆ. ಆದರೆ ನೆಲಕ್ಕೆ ಕೆಡವಿದರೆ ಎರಡು ಅಂಕ, ಬೆನ್ನು ನೆಲದ ಕಡೆ ತಿರುಗಿಸಿದರೆ ಎರಡು, ಎತ್ತಿ ಎಸೆದರೆ ನಾಲ್ಕು ಅಥವಾ ಐದು. ದೊಡ್ಡ ಅಂಕಗಳ ಹಿಂದೆ ಹೆಚ್ಚಾಗಿ ಜಗ್ಗುವ ಕೈಗಳೇ ಇರುತ್ತವೆ. ಮಣ್ಣಿನ ಕುಸ್ತಿಯಲ್ಲಿ ಆ ಒಂದು ಅಂಕವೂ ಇಲ್ಲ. ಎರಡೂ ಭುಜ ನೆಲಕ್ಕೆ ತಾಗಿ ಚಿತ್ ಆಗಬೇಕು, ಅಷ್ಟೇ.

ಜಗ್ಗುವ ಕೆಲಸ ಮಾಡುವ ಸ್ನಾಯುಗಳು ಬೇರೆ. ಬೆನ್ನಿನ ಎರಡು ಬದಿಗೆ ರೆಕ್ಕೆಯಂತೆ ಹರಡಿ ಕಂಕುಳಿನ ಹತ್ತಿರ ತೋಳಿಗೆ ಸೇರುವುದೊಂದು ದೊಡ್ಡ ಸ್ನಾಯು ಇದೆ. ಜಿಮ್ಮಿನವರು ಅದನ್ನು ಲ್ಯಾಟ್ಸ್ ಎನ್ನುತ್ತಾರೆ. ಜೊತೆಗೆ ಭುಜದ ಹಲಗೆಗಳನ್ನು ಹಿಂದಕ್ಕೆ ಸೇರಿಸುವ ಸ್ನಾಯುಗಳು, ರಟ್ಟೆಯ ಮುಂಭಾಗ, ಮುಂಗೈ, ಬೆರಳು. ಕನ್ನಡಿಯ ಮುಂದೆ ನಿಂತರೆ ಇವುಗಳಲ್ಲಿ ಹೆಚ್ಚಿನವು ಕಾಣುವುದಿಲ್ಲ. ನೂಕುವ ಸ್ನಾಯುಗಳನ್ನಷ್ಟೇ ಬೆಳೆಸುತ್ತ ಹೋದರೆ ಭುಜ ಮುಂದಕ್ಕೆ ಬಾಗುತ್ತದೆ. ಬಾಗಿದ ಭುಜದ ಕುಸ್ತಿಪಟುವಿನ ಕತ್ತು ಎದುರಾಳಿಯ ಕೈಗೆ ಸುಲಭವಾಗಿ ಸಿಗುತ್ತದೆ.

ಇನ್ನೊಂದು ಸಂಗತಿ. ಕುಸ್ತಿಯಲ್ಲಿ ಜಗ್ಗುವುದೆಂದರೆ ಬಾವಿಯಿಂದ ಕೊಡ ಮೇಲೆತ್ತಿದ ಹಾಗೆ ಒಂದೇ ಸಮನೆ ಸಾಗುವ ಚಲನೆಯಲ್ಲ. ಹೆಚ್ಚಿನ ಹೊತ್ತು ಹಿಡಿದುಕೊಂಡು ನಿಲ್ಲುವುದೇ ಕೆಲಸ. ಎದುರಿನವನೂ ಜಗ್ಗುತ್ತಿರುತ್ತಾನೆ, ಇಬ್ಬರ ತೋಳೂ ಬಿಗಿದಿರುತ್ತವೆ, ನೋಡುವವನಿಗೆ ಏನೂ ನಡೆಯುತ್ತಿಲ್ಲ ಎನಿಸುತ್ತದೆ. ಹಾಗೆ ಬಿಗಿದ ಸ್ನಾಯುವಿನಲ್ಲಿ ರಕ್ತ ಸರಾಗವಾಗಿ ಹರಿಯುವುದಿಲ್ಲ. ಮುಂಗೈ ಉರಿಯತೊಡಗುತ್ತದೆ, ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ. ದೊಡ್ಡವರಿಗೆ ಮೂರು ನಿಮಿಷದ ಎರಡು ಸುತ್ತು, ಮಗಳ ವಯಸ್ಸಿನವರಿಗೆ ಎರಡು ನಿಮಿಷದ ಎರಡು ಸುತ್ತು. ಎರಡನೆಯ ಸುತ್ತಿನ ಕೊನೆಗೆ ಯಾರ ಬೆರಳಲ್ಲಿ ಇನ್ನೂ ಹಿಡಿ ಇದೆಯೋ ಅವರ ಕಡೆಗೆ ಕುಸ್ತಿ ವಾಲುತ್ತದೆ. 2016ರ ರಿಯೋದಲ್ಲಿ ಸಾಕ್ಷಿ ಮಲಿಕ್ 0-5ರ ಹಿನ್ನಡೆಯಿಂದ ಎದ್ದು ಕೊನೆಯ ಸೆಕೆಂಡುಗಳಲ್ಲಿ ಕಂಚು ಗೆದ್ದದ್ದನ್ನು ನಾವು ಮನೆಯಲ್ಲಿ ಎಷ್ಟು ಸಲ ನೋಡಿದ್ದೇವೋ! ಎದುರಾಳಿ ಸೋತು ಸುಣ್ಣವಾದ ಹೊತ್ತಿನಲ್ಲಿ ಕಾಲಿಗೆ ನುಗ್ಗಿ, ಹಿಡಿದದ್ದನ್ನು ಬಿಡದೆ ಇರುವುದು ಸಣ್ಣ ಮಾತಲ್ಲ.

ಕನ್ನಡದವರಿಗೆ ಹತ್ತಿರದ ಉದಾಹರಣೆ ಬೇಕೆಂದರೆ ಬಾಗಲಕೋಟೆ ಕಡೆಯ ಅರ್ಜುನ ಹಲಕುರ್ಕಿ ಇದ್ದಾರೆ. 2020ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 55 ಕಿಲೋ ಗ್ರೀಕೋ-ರೋಮನ್ ವಿಭಾಗದ ಕಂಚು ಅವರದು. ಗ್ರೀಕೋ-ರೋಮನ್ನಿನಲ್ಲಿ ಸೊಂಟದ ಕೆಳಗೆ ಕೈ ಹಾಕುವಂತಿಲ್ಲ, ಕಾಲು ಬಳಸಿ ಕೆಡವುವಂತೆಯೂ ಇಲ್ಲ. ಕತ್ತು, ರಟ್ಟೆ, ಎದೆ, ಸೊಂಟ ಇಷ್ಟರಲ್ಲೇ ಎಲ್ಲ ಆಗಬೇಕು. ನೆಲಕ್ಕೆ ಮಲಗಿದವನನ್ನು ಹಿಂದಿನಿಂದ ತಬ್ಬಿ ಎತ್ತಬೇಕು. ಜಗ್ಗುವ ಬಲ ಇಲ್ಲದವನಿಗೆ ಅಲ್ಲಿ ಕೆಲಸವೇ ಇಲ್ಲ.

ಇಷ್ಟೆಲ್ಲ ತಿಳಿದ ಮೇಲೆ ನನಗೆ ಒಂದು ಅನುಮಾನ ಉಳಿಯಿತು. ನಮ್ಮ ಹಳೆಯ ಪೈಲ್ವಾನರಿಗೆ ಇದು ತಿಳಿದಿರಲಿಲ್ಲವೆ? ದಂಡ, ಬೈಠಕ್ ಅಷ್ಟನ್ನೇ ನೆಚ್ಚಿದವರು ಅಷ್ಟು ಬಿಗಿಯಾಗಿ ಹೇಗೆ ಹಿಡಿಯುತ್ತಿದ್ದರು?

ಕೇಳಲು ಮನೆಯಲ್ಲೇ ಒಬ್ಬರಿದ್ದಾರೆ. ನನ್ನ ಕಾಕಾ, ಎಪ್ಪತ್ತು ದಾಟಿದವರು, ಬಸವಕಲ್ಯಾಣದ ಹತ್ತಿರದ ನಮ್ಮ ಊರಿನ ತಾಲೀಮಿನ ಕೊನೆಯ ತಲೆಮಾರಿನ ಪೈಲ್ವಾನ. ದಕ್ಷಿಣದವರು ಗರಡಿ ಮನೆ ಎನ್ನುವುದನ್ನು ನಮ್ಮ ಬೀದರ, ಕಲಬುರಗಿ ಕಡೆ ತಾಲೀಮು ಎನ್ನುತ್ತಾರೆ. ನಿಜಾಮರ ಕಾಲದ ಉರ್ದು ಬಿಟ್ಟುಹೋದ ಪದ. ಉರ್ದುವಿನಲ್ಲಿ ಅದರ ಅರ್ಥ ವಿದ್ಯೆ. ನಾನು ಎಂ.ಟೆಕ್ ಸೇರಿದಾಗ ಕಾಕಾ "ನಿಂದೂ ತಾಲೀಮು, ನಂದೂ ತಾಲೀಮು" ಎಂದಿದ್ದರು. ಜಾತ್ರೆಗಳಲ್ಲಿ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರು ಮಾಡಿ ಬೆಳ್ಳಿ ಕಡಗದ ಕುಸ್ತಿಯವರೆಗೆ ಹೋದವರು ಅವರು. ಕಡಗ ಈಗಲೂ ಮನೆಯಲ್ಲಿದೆ.

ಫೋನಿನಲ್ಲಿ ಕೇಳಿದೆ, "ಕಾಕಾ, ನೀವು ಜಗ್ಗೋ ಸಾಮು ಏನೇನ್ ಮಾಡ್ತಿದ್ರಿ?"

"ಜಗ್ಗೋ ಸಾಮಾ? ಅಂಥಾದ್ದೇನೂ ಇರ್ಲಿಲ್ಲಪ. ದಂಡ, ಬೈಠಕ್, ಗದಾ. ಆಮ್ಯಾಲ ಜೋಡಿ ಹಿಡೀತಿದ್ವಿ."

"ಮತ್ತ ಹಿಡಿತ ಎಲ್ಲಿಂದ ಬರ್ತಿತ್ತು?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದೇನ್ ಕೇಳ್ತೀ, ಬರ್ತಿತ್ತು" ಎಂದರು.

ದಸರೆ ರಜೆಯಲ್ಲಿ ಊರಿಗೆ ಹೋದೆವು. ತಾರ್ನಾಕದಿಂದ ನಗರ ದಾಟಿ ಮುಂಬೈ ಹೆದ್ದಾರಿ ಹಿಡಿದರೆ ಜಹೀರಾಬಾದ್, ಹುಮನಾಬಾದ್ ಮೇಲೆ ಸಸ್ತಾಪುರ ಬಂಗ್ಲಾ, ಅಲ್ಲಿಂದ ಒಳಗೆ. ನಾಲ್ಕು ತಾಸಿನ ದಾರಿ. ತಾಲೀಮಿನ ಮಾಡು ಎಂದೋ ಕುಸಿದಿದೆ, ಒಳಗೆ ಯಾರದೋ ತೊಗರಿ ಕಟ್ಟಿಗೆ ಪೇರಿಸಿದ್ದಾರೆ. ಗೋಡೆಯ ಗೂಡಿನಲ್ಲಿ ಹನುಮಂತ ಮಾತ್ರ ಸಿಂದೂರ ಬಳಿದುಕೊಂಡು ನಿಂತಿದ್ದಾನೆ. ಕಾಕಾ ಮಗಳಿಗೆ ಜಾಗ ತೋರಿಸುತ್ತ ತಮ್ಮ ದಿನಚರಿ ಹೇಳತೊಡಗಿದರು. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ.

ನಸುಕಿನಲ್ಲಿ ಬಂದವರು ಮೊದಲು ಮಾಡುತ್ತಿದ್ದದ್ದು ಮಣ್ಣು ಅಗೆಯುವುದು. ಹಿಂದಿನ ದಿನ ತುಳಿದು ಗಟ್ಟಿಯಾದ ಅಖಾಡದ ಮಣ್ಣನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗುದ್ದಲಿಯಿಂದ ಮೆದು ಮಾಡಬೇಕು. ಸೊಂಟ ಬಗ್ಗಿಸಿ, ಗುದ್ದಲಿ ಎತ್ತಿ ಹಾಕಿ, ಕಚ್ಚಿದ ಮಣ್ಣನ್ನು ಕಾಲ ನಡುವಿಗೆ ಎಳೆದುಕೊಳ್ಳಬೇಕು. ದಿನಾ ಒಬ್ಬರಾದ ಮೇಲೊಬ್ಬರು. ಆಮೇಲೆ ಹಲಗೆ. ಅಗೆದ ಮಣ್ಣನ್ನು ಸಮ ಮಾಡಲು ಒಂದು ಭಾರದ ಹಲಗೆಗೆ ಹಗ್ಗ ಕಟ್ಟಿ, ಅದರ ಮೇಲೆ ಇಬ್ಬರು ಹುಡುಗರನ್ನು ಕೂಡಿಸಿ ಎಳೆಯಬೇಕು. ಆಮೇಲೆ ನೀರು. ಮಣ್ಣಿಗೆ ಚಿಮುಕಿಸಲು, ಮೈ ತೊಳೆಯಲು ಬಾವಿಯಿಂದ ಸೇದಬೇಕು. ಅಂಗಳದ ಬೇವಿನ ಮರಕ್ಕೆ ಒಂದು ದಪ್ಪ ಹಗ್ಗ ಜೋತುಬಿದ್ದಿತ್ತು, ಹುಡುಗರು ಪಂಥ ಕಟ್ಟಿ ಅದನ್ನು ಹತ್ತುತ್ತಿದ್ದರು. ಹತ್ತುವಾಗ ಕಾಲು ತಾಗಿಸಿದರೆ ಉಳಿದವರು ನಗುತ್ತಿದ್ದರು.

ಮಗಳು ಕೇಳಿದಳು, "ಅಜ್ಜಾ, ಇದೆಲ್ಲಾ ದಿನಾ ಎಷ್ಟೆಷ್ಟು ಮಾಡ್ತಿದ್ರಿ?"

"ಎಷ್ಟಂದ್ರ? ಮಣ್ಣು ಮೆತ್ತಗಾಗೋ ಮಟ."

ಅಷ್ಟೇ ಉತ್ತರ. ಅಖಾಡ ಅಗೆಯುವುದನ್ನು ಅವರು ಸಾಮು ಎಂದು ಕರೆದಿರಲಿಲ್ಲ. ಅದು ತಾಲೀಮಿನ ಕಸ ಗುಡಿಸುವ ಹಾಗೆ ಒಂದು ಕೆಲಸ, ಹನುಮಂತನ ಸೇವೆ. ದಂಡಕ್ಕೆ ಲೆಕ್ಕ ಇತ್ತು, ವಸ್ತಾದರು ಕೂತು ಎಣಿಸುತ್ತಿದ್ದರು. ಗುದ್ದಲಿಯ ಏಟನ್ನು ಯಾರೂ ಎಣಿಸಲಿಲ್ಲ. ಬಾವಿಯಿಂದ ಬಂದ ಕೊಡಗಳನ್ನೂ ಎಣಿಸಲಿಲ್ಲ. ಜಗ್ಗುವ ಬಲವೆಲ್ಲ ಆ ಎಣಿಸದ ಕೆಲಸದಲ್ಲೇ ಕೂಡುತ್ತಿತ್ತು. ಹಾಗಾಗಿಯೇ "ಜಗ್ಗುವ ಸಾಮು ಏನಿತ್ತು" ಎಂದು ಕೇಳಿದರೆ "ಏನೂ ಇರಲಿಲ್ಲ" ಎಂಬ ಉತ್ತರ ಬಂತು.

ಇದು ನಮ್ಮೂರಿನದಷ್ಟೇ ಸಂಗತಿಯಲ್ಲ. ಬನಾರಸಿನ ಅಖಾಡಗಳಲ್ಲಿ ಸ್ವತಃ ಪಳಗಿ, ಅವುಗಳ ಬಗ್ಗೆ 1992ರಲ್ಲಿ ಪುಸ್ತಕ ಪ್ರಕಟಿಸಿದ ಮಾನವಶಾಸ್ತ್ರಜ್ಞ ಜೋಸೆಫ್ ಆಲ್ಟರ್ ಕೂಡ ಮಣ್ಣು ಅಗೆಯುವುದನ್ನು ಪೈಲ್ವಾನನ ದಿನಚರಿಯ ಭಾಗವಾಗಿ ವಿವರಿಸಿದ್ದಾರೆ. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಬಸವಕಲ್ಯಾಣವೇ ಎದುರಾಗುತ್ತದೆ. ಅಂದಿನ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಮಲ್ಲರ ಆಹಾರ, ದರ್ಜೆ, ಅಭ್ಯಾಸಗಳ ವಿವರ ಅದರಲ್ಲಿದೆ. ಭಾರ ಎತ್ತುವ ಶ್ರಮ, ನಡೆಯುವ ಶ್ರಮ, ನೀರಿನಲ್ಲಿಳಿದು ಮಾಡುವ ಶ್ರಮ ಎಂದು ಅಭ್ಯಾಸಗಳನ್ನು ಬೇರೆಬೇರೆಯಾಗಿ ಹೆಸರಿಸಿ, ಕಂಬದ ಮೇಲಿನ ಅಭ್ಯಾಸವನ್ನು ಸ್ತಂಭಶ್ರಮ ಎಂದು ಕರೆದಿದೆ. ಇಂದಿನ ಮಲ್ಲಕಂಬದ ಹಳೆಯ ಉಲ್ಲೇಖ ಇದೆಂದು ಬಲ್ಲವರು ಹೇಳುತ್ತಾರೆ. ಕಂಬವನ್ನು ತಬ್ಬಿ ಮೈಭಾರವನ್ನು ಮೇಲಕ್ಕೆಳೆಯುವುದಕ್ಕಿಂತ ದೊಡ್ಡ ಜಗ್ಗುವ ಸಾಮು ಯಾವುದಿದೆ? ನಮ್ಮ ತಾಲೀಮಿನಿಂದ ಕೆಲವೇ ಮೈಲಿ ದೂರದಲ್ಲಿ, ಒಂಬೈನೂರು ವರ್ಷಗಳ ಹಿಂದೆ ಇದಕ್ಕೊಂದು ಹೆಸರೂ ಇತ್ತು. ಕಾಕಾನಿಗೆ ಹೇಳಿದೆ. "ರಾಜಾ ಬರ್ಸ್ಯಾನಂದ್ರ ಖರೇ ಇರ್ಬೇಕು" ಎಂದು ನಕ್ಕರು.

ಮಣ್ಣು ಹೋಗಿ ಚಾಪೆ ಬಂದಾಗ ಏನಾಯಿತೆಂಬುದು ಇಲ್ಲಿಂದ ಸುಲಭವಾಗಿ ಕಾಣುತ್ತದೆ. ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಚಾಪೆಯ ಅಭ್ಯಾಸವೇ ಇರಲಿಲ್ಲ, ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ತಂದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಅಂತರರಾಷ್ಟ್ರೀಯ ಕುಸ್ತಿ ಬೇಕೆಂದರೆ ಚಾಪೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಾಪೆಯನ್ನು ಅಗೆಯುವಂತಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ನೀರು ನಲ್ಲಿಯಲ್ಲಿ ಬರುತ್ತದೆ. ಮಣ್ಣಿನಿಂದ ಚಾಪೆಗೆ ಬರುವಾಗ ಎಣಿಸುತ್ತಿದ್ದ ದಂಡ, ಬೈಠಕ್ ಜೊತೆಯಲ್ಲಿ ಬಂದವು. ಎಣಿಸದೆ ಇದ್ದ ಗುದ್ದಲಿ, ಹಲಗೆ, ಬಾವಿ ಹಿಂದೆಯೇ ಉಳಿದವು. ಒಳ್ಳೆಯ ತರಬೇತುದಾರರು ಅವನ್ನು ಬೇರೆ ಹೆಸರಿನಲ್ಲಿ ಮರಳಿ ತಂದಿದ್ದಾರೆ. ಪುಲ್-ಅಪ್, ಬಗ್ಗಿ ನಿಂತು ಭಾರವನ್ನು ಹೊಟ್ಟೆಯ ಕಡೆ ಎಳೆದುಕೊಳ್ಳುವ ರೋ, ಹಗ್ಗ ಹತ್ತುವುದು, ಜೊತೆಗಾರನನ್ನು ತಬ್ಬಿ ಎತ್ತುವುದು. ಹಗ್ಗ ಹತ್ತುವುದಂತೂ 1932ರವರೆಗೆ ಒಲಿಂಪಿಕ್ಸ್‌ನಲ್ಲೇ ಒಂದು ಸ್ಪರ್ಧೆಯಾಗಿತ್ತು. ಈಗಲೂ ಜಗತ್ತಿನ ಅನೇಕ ಕುಸ್ತಿ ಕೋಣೆಗಳಲ್ಲಿ ಮಾಡಿನಿಂದ ಹಗ್ಗ ಇಳಿಬಿದ್ದಿರುತ್ತದೆ. ಬೇವಿನ ಮರದ ಹಗ್ಗದ ಅಣ್ಣತಮ್ಮಂದಿರು ಅವು.

ಎಣಿಸದ ದುಡಿಮೆಯ ಇನ್ನೊಂದು ಮುಖ ಅದೇ ಸಂಜೆ ಮನೆಯಲ್ಲಿ ಕಂಡಿತು. ನನ್ನ ಅವ್ವನಿಗೆ ಮೊಮ್ಮಗಳ ಕುಸ್ತಿ ಮೊದಲಿನಿಂದ ಅಷ್ಟಕ್ಕಷ್ಟೇ. ತಲೆಗೆ ಎಣ್ಣೆ ಹಚ್ಚುತ್ತ ಅವಳ ಭುಜ ಮುಟ್ಟಿ ನೋಡಿ, "ಹುಡುಗಿ ಬೆನ್ನು ನೋಡ್ರಿ, ಗಂಡಸರ ಹಂಗ ಅಗಲ ಆಗ್ಲತ್ತದ. ನಾಳೆ ಯಾರ್ ಮಾಡ್ಕೊತಾರ?" ಎಂದಳು. ಹೆಂಡತಿ ನನ್ನ ಮುಖ ನೋಡಿದಳು. ಹತ್ತನೇ ಇಯತ್ತೆಯ ವರ್ಷ, ಕುಸ್ತಿ ನಿಲ್ಲಿಸುವ ಮಾತು ನಮ್ಮಿಬ್ಬರ ನಡುವೆಯೂ ಒಂದೆರಡು ಸಲ ಬಂದಿತ್ತು. ಸತತ ಸೋಲು ಬೇರೆ. ಮಗಳು ತಲೆ ತಗ್ಗಿಸಿ ಕೂತಿದ್ದಳು, ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಕಟ್ಟೆಯ ಮೇಲೆ ಕೂತಿದ್ದ ಕಾಕಾ ಒಳಗಿನ ಮಾತು ಕೇಳಿ ಅಲ್ಲಿಂದಲೇ ಕೂಗಿದರು: "ವೈನೀ, ನೀವು ಸೊಸಿಯಾಗಿ ಬಂದಾಗ ಈ ಮನಿಗಿ ದಿನಾ ಎಷ್ಟ್ ಕೊಡ ನೀರ್ ಸೇದ್ತಿದ್ರಿ?"

ಅವ್ವ ಎಣ್ಣೆಯ ಕೈ ನಿಲ್ಲಿಸಿ ಯೋಚಿಸಿದಳು. "ಯಾರ್ ಎಣ್ಸ್ಯಾರಪಾ ಅದ್ನೆಲ್ಲಾ" ಎಂದಳು. ಆಮೇಲೆ ತಾನಾಗಿ ಹೇಳತೊಡಗಿದಳು. ಎತ್ತು, ಎಮ್ಮೆ, ಹನ್ನೊಂದು ಜನರ ಸಂಸಾರ. ಬಾವಿ ನಲವತ್ತು ಮೊಳ. ಹೊತ್ತು ಮೂಡುವ ಮುಂಚೆ ಬೀಸುವ ಕಲ್ಲು, ಆಮೇಲೆ ಕಂಬಕ್ಕೆ ಹಗ್ಗ ಸುತ್ತಿದ ಕಡಗೋಲಿನಲ್ಲಿ ಮಜ್ಜಿಗೆ ಕಡೆಯುವುದು, ಆ ಹಗ್ಗವನ್ನು ಎಡಗೈ ಬಲಗೈ ಎಂದು ಜಗ್ಗುತ್ತಲೇ ಇರುವುದು. "ನನ್ನ ರಟ್ಟಿ ಹಿಡ್ಯಾಕ ನಿಮ್ಮಪ್ಪಗ ಆಗ್ತಿರ್ಲಿಲ್ಲ" ಎಂದು ಮಗಳಿಗೆ ಹೇಳಿ ನಕ್ಕಳು. ನನ್ನಪ್ಪನ ಬಗ್ಗೆ ಅವಳು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಗಳು ಅಜ್ಜಿಯ ಅಂಗೈ ತಿರುಗಿಸಿ ನೋಡಿದಳು. ಬೆರಳ ಬುಡದ ದಡ್ಡು ಇನ್ನೂ ಪೂರ್ತಿ ಹೋಗಿಲ್ಲ. ಇವಳ ಅಂಗೈಯಲ್ಲಿ ಅದೇ ಜಾಗದಲ್ಲಿ ಸರಳಿನಿಂದಾದ ಹೊಸ ದಡ್ಡು ಏಳುತ್ತಿತ್ತು. ಅವ್ವ ಅದನ್ನು ನೋಡಿದಳು, ಏನೂ ಅನ್ನಲಿಲ್ಲ, ಅದಕ್ಕೂ ಒಂಚೂರು ಎಣ್ಣೆ ಸವರಿದಳು. ಮದುವೆಯ ಮಾತು ಆ ದಿನ ಮುಂದುವರಿಯಲಿಲ್ಲ.

ತಾರ್ನಾಕದಲ್ಲಿ ಬಾವಿಯಿಲ್ಲ, ಮಣ್ಣಿಲ್ಲ. ನಮ್ಮ ಬೀದಿಯ ಪಾರ್ಕಿನ ಬಯಲು ಜಿಮ್ಮಿನಲ್ಲಿ ಒಂದು ಎತ್ತರದ ಸರಳಿದೆ. ಬೆಳಿಗ್ಗೆ ಐದೂವರೆಗೆ ನಾವಿಬ್ಬರೂ ಅಲ್ಲಿರುತ್ತೇವೆ. ಆ ಹೊತ್ತಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆ ವಾಕಿಂಗ್ ಹೊರಟವರು ಒಂದು ಕ್ಷಣ ನಿಂತು ನೋಡಿ ಹೋಗುತ್ತಾರೆ. ತರಬೇತುದಾರರು ಹಾಕಿಕೊಟ್ಟ ಕ್ರಮ ಸರಳವಾದದ್ದು. ಬೇರೆ ಮಕ್ಕಳಿಗೂ ಉಪಯೋಗವಾಗಬಹುದೆಂದು ಬರೆಯುತ್ತೇನೆ.

ಮೊದಲು ಸುಮ್ಮನೆ ಜೋತುಬೀಳುವುದು. ಹತ್ತು ಸೆಕೆಂಡಿನಿಂದ ಶುರುವಾಗಿ ನಲವತ್ತಕ್ಕೆ ಬರುವವರೆಗೆ. ಇದರಲ್ಲಿ ಬೆರಳು, ಮುಂಗೈ ಪಳಗುತ್ತವೆ. ಆಮೇಲೆ ತೋಳು ಮಡಚದೆ ಭುಜದ ಹಲಗೆಗಳನ್ನಷ್ಟೇ ಕೆಳಕ್ಕೆ ಸೆಳೆಯುವುದು. ಹೊರಗಿನಿಂದ ಏನೂ ಕಾಣದು, ಎರಡಂಗುಲದ ಚಲನೆ, ಆದರೆ ಬೆನ್ನು ಕೆಲಸ ಕಲಿಯುವುದು ಇಲ್ಲೇ. ಜೊತೆಗೆ ಸೊಂಟದೆತ್ತರದ ಸರಳು ಹಿಡಿದು, ಹಿಮ್ಮಡಿ ನೆಲಕ್ಕೂರಿ ಮಲಗಿದಂತಾಗಿ, ಎದೆಯನ್ನು ಸರಳಿಗೆ ಎಳೆದುಕೊಳ್ಳುವುದು. ನಂತರ ಸ್ಟೂಲಿನ ಮೇಲೆ ಹತ್ತಿ ಗದ್ದ ಸರಳಿನ ಮೇಲಿಟ್ಟು, ಐದು ಎಣಿಸುವಷ್ಟು ಹೊತ್ತು ನಿಧಾನವಾಗಿ ಇಳಿಯುವುದು. ಎತ್ತಲಾಗದ ಭಾರವನ್ನೂ ಸ್ನಾಯು ತಡೆದು ಇಳಿಸಬಲ್ಲದು. ಇಳಿಸುತ್ತ ಇಳಿಸುತ್ತ ಎತ್ತುವ ಬಲ ಬರುತ್ತದೆ. ಕೊನೆಗೆ ಸರಳಿಗೆ ಟವೆಲ್ ಹಾಕಿ ಅದರ ಎರಡು ತುದಿ ಹಿಡಿದು ಜೋತುಬೀಳುವುದು. ಎದುರಾಳಿಯ ರಟ್ಟೆ ಸರಳಿನಂತೆ ದುಂಡಗೆ ಗಟ್ಟಿಯಾಗಿ ಇರುವುದಿಲ್ಲವಲ್ಲ. ವಾರಕ್ಕೆ ಮೂರು ದಿನ ಮಾತ್ರ, ನಡುವೆ ಬಿಡುವು. ಬೆಳೆಯುವ ವಯಸ್ಸಿನ ಮೊಣಕೈ, ಭುಜಗಳಿಗೆ ಆತುರ ಒಳ್ಳೆಯದಲ್ಲ.

ಹದಿನಾಲ್ಕನೆಯ ವಾರ ಅವಳ ಗದ್ದ ಮೊದಲ ಬಾರಿಗೆ ತಾನಾಗಿ ಸರಳಿನ ಮೇಲೆ ಬಂತು. ಅಲ್ಲಿ ಪ್ರಾಣಾಯಾಮ ಮಾಡುತ್ತಿದ್ದ ತೆಲುಗಿನ ಅಜ್ಜನೊಬ್ಬರು ಕಣ್ಣು ಬಿಟ್ಟು ಚಪ್ಪಾಳೆ ತಟ್ಟಿದರು. ಆರನೆಯ ತಿಂಗಳಿಗೆ ನಾಲ್ಕು.

ಜನವರಿಯಲ್ಲಿ ಒಂದು ಆಯ್ಕೆ ಪಂದ್ಯವಿತ್ತು. ಹಿಂದೆ ಇವಳನ್ನು ಸೋಲಿಸಿದ್ದ ಹುಡುಗಿಯೇ ಎದುರು. ಅವಳು ಎಂದಿನಂತೆ ಕತ್ತಿಗೆ ಕೈ ಹಾಕಿ ಜಗ್ಗಿದಳು. ಇವಳ ತಲೆ ಬಗ್ಗಲಿಲ್ಲ. ಮತ್ತೆ ಜಗ್ಗಿದಳು, ಬಗ್ಗಲಿಲ್ಲ. ಇವಳು ಆ ಕೈಯನ್ನೇ ಹಿಡಿದು ತನ್ನ ಕಡೆ ಸೆಳೆದು, ಪಕ್ಕಕ್ಕೆ ಸರಿದು ಬೆನ್ನ ಹಿಂದೆ ಹೋದಳು. ಎರಡು ಅಂಕ. ನಾಲ್ಕು ನಿಮಿಷದಲ್ಲಿ ಇನ್ನೊಂದು ಸಲವೂ ಹಾಗೆಯೇ ಆಯಿತು. ಕುಸ್ತಿ ಕೊನೆಗೆ 4-6ರಲ್ಲಿ ಸೋತಳು, ಆ ಹುಡುಗಿಗೆ ಅನುಭವ ಹೆಚ್ಚು, ಕಾಲಿನ ಚುರುಕು ಹೆಚ್ಚು. ಜಗ್ಗುವ ಬಲ ಬಂದ ಮಾತ್ರಕ್ಕೆ ಎಲ್ಲ ಬಂದಂತಲ್ಲ. ಪಟ್ಟು, ಹೊತ್ತು, ಹೆಜ್ಜೆ ಎಲ್ಲವೂ ಬೇಕು. ಆದರೆ ಚಾಪೆಯಿಂದ ಇಳಿದು ಬಂದವಳ ಮುಖದಲ್ಲಿ ಹಿಂದಿನ ನಾಲ್ಕು ಸೋಲ ಹೊತ್ತಿನ ಬಣ್ಣ ಇರಲಿಲ್ಲ. ನೀರು ಕುಡಿದು ಮೊದಲು ಹೇಳಿದ್ದು, "ಅವಳ ಕೈ ಮೊದಲು ಸೋತಿತು, ಅಪ್ಪಾ. ನನಗೆ ಗೊತ್ತಾಯಿತು."

ಹತ್ತನೇ ಇಯತ್ತೆಯ ಪರೀಕ್ಷೆ ಮುಗಿಯುವವರೆಗೆ ಚಾಪೆಯ ಅಭ್ಯಾಸ ವಾರಕ್ಕೆ ನಾಲ್ಕು ದಿನಕ್ಕಿಳಿದಿದೆ. ಪಾರ್ಕಿನ ಸರಳು ತಪ್ಪಿಲ್ಲ. ನಿಲ್ಲಿಸುವ ಮಾತನ್ನು ಈಗ ಯಾರೂ ಆಡುತ್ತಿಲ್ಲ. ಹೆಂಡತಿಯೇ ಹೋಗಿ ಬಾಗಿಲ ಚೌಕಟ್ಟಿಗೆ ಹಾಕುವ ಒಂದು ಸರಳು ತಂದಿದ್ದಾಳೆ. ಮಳೆಗಾಲದಲ್ಲಿ ಅದರ ಮೇಲೆ ಟವೆಲ್ಲುಗಳೂ ಒಣಗುತ್ತವೆ.

ಕಾಕಾ ವಾರಕ್ಕೊಮ್ಮೆ ಫೋನು ಮಾಡಿ ಮೊಮ್ಮಗಳನ್ನು ಕೇಳುತ್ತಾರೆ. ಎಷ್ಟು ಪುಲ್-ಅಪ್ ಆಯಿತು ಎಂದು ಅವಳು ಲೆಕ್ಕ ಒಪ್ಪಿಸುತ್ತಾಳೆ. ಲೆಕ್ಕ ಅವರ ಕಿವಿಗೆ ಹೋಗುವುದಿಲ್ಲ. ಕಳೆದ ವಾರ ಅವಳ ಮಾತು ಅರ್ಧಕ್ಕೆ ತಡೆದು, ಹೊಲದ ಬದುವಿನಲ್ಲಿ ಅಗೆಯುವುದಕ್ಕೆ ಮೆತ್ತನೆಯ ಜಾಗವೊಂದು ನೋಡಿಟ್ಟಿರುವೆನೆಂದೂ ಬೇಸಿಗೆ ರಜೆಗೆ ಬರಲೇಬೇಕೆಂದೂ ಹೇಳಿದರು.

"ಗುದ್ದಲಿಗಿ ಹೊಸಾ ಕಾವು ಹಾಕ್ಸೀನಿ. ನಿನ್ನ ಎತ್ತರಕ್ಕ ಅಳತಿ ಮಾಡ್ಸಿ."